ಬಿಜ್ಜಳನ ಕೊಲೆ: ಸಾಕ್ಷಿಯಿಲ್ಲದ ತೀರ್ಪು

ಶಿವಮೊಗ್ಗ ಮತ್ತು ಭದ್ರಾವತಿಯ ಕಾಲೇಜುಗಳಲ್ಲಿ ಕನ್ನಡ ಓದುವ ವಿದ್ಯಾರ್ಥಿಗಳ ಮುಂದೆ ಹನ್ನೆರಡನೆಯ ಶತಮಾನದ ಪಾಠ ಬಂದಾಗ ಒಂದು ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಕಳಚುರಿ ಬಿಜ್ಜಳನನ್ನು ಕೊಂದವರು ಯಾರು? ಶರಣರ ಕಥೆಗಳನ್ನು ಕೇಳಿ ಬೆಳೆದವರು ಜಗದೇವ, ಮೊಲ್ಲೆಬೊಮ್ಮಯ್ಯ ಎನ್ನುತ್ತಾರೆ. ಹಾಗೆ ಹೇಳುವಾಗ ಆ ಹೆಸರುಗಳ ಮೇಲೆ ಅಪರಾಧದ ನೆರಳು ಬೀಳುವುದಿಲ್ಲ. ಜೈನ ಮನೆಗಳಲ್ಲಿ ಬೆಳೆದವರಲ್ಲಿ ಕೆಲವರಾದರೂ ವಿಷದ ಹಣ್ಣಿನ ಕಥೆಯನ್ನು ಕೇಳಿರುತ್ತಾರೆ. ಅವರ ಪಾಲಿಗೆ ಕೊಲೆಯ ಸಂಚು ಮಂತ್ರಿಯ ಮನೆಯಲ್ಲಿಯೇ ಹುಟ್ಟಿದ್ದು. ಸತ್ತವನು ಒಬ್ಬನೇ. ಕೊಂದವರು ಬೇರೆ, ಆಯುಧ ಬೇರೆ, ಸ್ಥಳ ಬೇರೆ. ಇಷ್ಟು ವೈರುಧ್ಯವಿರುವ ಮೊಕದ್ದಮೆಯಲ್ಲಿ ತಿಳಿದಿಲ್ಲ ಎಂಬ ಉತ್ತರ ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ. ಆ ಉತ್ತರವೇ ಸದ್ಯಕ್ಕೆ ಪ್ರಾಮಾಣಿಕವಾದದ್ದು. ಅದನ್ನು ಮೊದಲು ಹೇಳಬೇಕಾದವರು ಜೈನ ಓದುಗರು ಮತ್ತು ಜೈನ ವಿದ್ವಾಂಸರು ಎಂಬುದು ಈ ಲೇಖನದ ವಾದ.

ಮೊದಲು ನಿರ್ವಿವಾದವಾದ ಸಂಗತಿಗಳನ್ನು ನೋಡಬಹುದು. ಬಿಜ್ಜಳ ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರನಾಗಿದ್ದವನು. ಈಗ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿರುವ ಮಂಗಳವಾಡ, ಅಂದರೆ ಮಂಗಳವೇಢೆ, ಅವನ ಮನೆತನದ ನೆಲೆ. ಚಾಲುಕ್ಯ ಮೂರನೆಯ ತೈಲಪನ ದೌರ್ಬಲ್ಯವನ್ನು ಬಳಸಿಕೊಂಡು 1162ರ ಹೊತ್ತಿಗೆ ಅವನು ಸಾರ್ವಭೌಮ ಬಿರುದುಗಳನ್ನು ಧರಿಸಿದ. 1167-68ರ ವೇಳೆಗೆ ಅವನ ಮಗ ರಾಯಮುರಾರಿ ಸೋವಿದೇವ ಆಳುತ್ತಿರುವುದನ್ನು ಶಾಸನಗಳು ತೋರಿಸುತ್ತವೆ. ಅವನ ಬಳಿಕ ಸಂಕಮ, ಆಹವಮಲ್ಲ, ಸಿಂಘಣ ಎಂಬ ಮೂವರು ಪಟ್ಟಕ್ಕೆ ಬಂದರು. 1183-84ರಲ್ಲಿ ಚಾಲುಕ್ಯ ನಾಲ್ಕನೆಯ ಸೋಮೇಶ್ವರ ರಾಜ್ಯವನ್ನು ಮರಳಿ ಪಡೆದುಕೊಂಡ. ಕಳಚುರಿಗಳ ಸಾರ್ವಭೌಮತ್ವದ ಆಯುಸ್ಸು ಇಷ್ಟೇ, ಸುಮಾರು ಎರಡು ದಶಕ. ಬಿಜ್ಜಳನ ಆಳ್ವಿಕೆ ಕೊನೆಗೊಂಡದ್ದು ನಿಶ್ಚಿತ. ಹೇಗೆ ಕೊನೆಗೊಂಡಿತೆಂಬುದಕ್ಕೆ ಇದುವರೆಗೆ ಪ್ರಕಟವಾಗಿರುವ ಕಳಚುರಿ ಶಾಸನಗಳು ಕೊಲೆಗಾರನೊಬ್ಬನ ಹೆಸರನ್ನು ಕೊಡುವುದಿಲ್ಲ. ಕನ್ನಡ ನಾಡಿನ ರಾಜಮನೆತನಗಳ ಚರಿತ್ರೆಯನ್ನು ಶಾಸನಗಳಿಂದ ಕಟ್ಟಿದ ಜೆ. ಎಫ್. ಫ್ಲೀಟರು ಬಿಜ್ಜಳ ಮಗನಿಗೆ ಪಟ್ಟ ಬಿಟ್ಟುಕೊಟ್ಟನೆಂಬ ಕಡೆಗೆ ಒಲಿದದ್ದು ಈ ಕಾರಣದಿಂದಲೇ.

ಇನ್ನು ದೋಷಾರೋಪ ಪಟ್ಟಿಗಳು. ಮೊದಲನೆಯದು ವೀರಶೈವ ಪುರಾಣಗಳದ್ದು. ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಈ ಕಥೆ ಇದೆ. 1369ರಲ್ಲಿ ಭೀಮಕವಿ ಅದನ್ನು ಕನ್ನಡಕ್ಕೆ ತಂದ. ಇಬ್ಬರು ಶರಣರಿಗೆ ಬಿಜ್ಜಳ ಕಣ್ಣು ಕೀಳಿಸುವ ಶಿಕ್ಷೆ ಕೊಡುತ್ತಾನೆ, ಬಸವಣ್ಣ ಕೂಡಲಸಂಗಮದತ್ತ ಹೊರಡುತ್ತಾನೆ, ಜಗದೇವನೂ ಅವನ ಸಂಗಡಿಗರೂ ಶಿವದ್ರೋಹಿಯಾದ ರಾಜನನ್ನು ಆಯುಧದಿಂದ ಕೊಲ್ಲುತ್ತಾರೆ. ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಸುತ್ತ ಇಂದು ಹೇಳಲಾಗುವ ಕಲ್ಯಾಣದ ಕಥೆ ಈ ಬೇರಿನಿಂದ ಬೆಳೆದದ್ದು. ಎರಡನೆಯ ಪಟ್ಟಿ ಜೈನರದ್ದು. ಹದಿನೇಳನೆಯ ಶತಮಾನದ ಧರಣಿಪಂಡಿತನ ಬಿಜ್ಜಳರಾಯಚರಿತೆಯ ಪರಂಪರೆಯಲ್ಲಿ ಬಿಜ್ಜಳ ಕೊಲ್ಲಾಪುರದ ಶಿಲಾಹಾರರ ಮೇಲಿನ ದಂಡಯಾತ್ರೆಯಿಂದ ಮರಳುತ್ತ ಭೀಮಾ ನದಿಯ ದಡದಲ್ಲಿ ಬೀಡುಬಿಟ್ಟಿರುತ್ತಾನೆ. ಜೈನ ವೇಷದ ಜಂಗಮನೊಬ್ಬ ವಿಷ ಲೇಪಿಸಿದ ಹಣ್ಣನ್ನು ತಂದೊಪ್ಪಿಸುತ್ತಾನೆ. ಅದನ್ನು ಮೂಸಿದ ರಾಜ ಉರುಳುತ್ತಾನೆ. ಮಗ ಸೇಡಿಗೆ ಹೊರಡುತ್ತಾನೆ. ಬಸವಣ್ಣ ಉಳವಿಯತ್ತ ಓಡಿ ಬಾವಿಗೆ ಹಾರುತ್ತಾನೆ.

ಈ ಎರಡು ಕಥನಗಳನ್ನು ಎದುರುಬದುರು ಇಟ್ಟು ಓದಿದರೆ ಅವು ಒಂದೇ ಘಟನೆಯ ಎರಡು ವರದಿಗಳೆಂದು ಹೇಳುವುದು ಕಷ್ಟ. ಒಂದರಲ್ಲಿ ರಾಜಧಾನಿ, ಇನ್ನೊಂದರಲ್ಲಿ ನದಿಯ ದಡದ ಪಾಳೆಯ. ಒಂದರಲ್ಲಿ ಆಯುಧ, ಇನ್ನೊಂದರಲ್ಲಿ ವಿಷ. ಒಂದರಲ್ಲಿ ಕೊಂದವರು ಹೆಸರು ಹೇಳಿಕೊಂಡು ಹೆಮ್ಮೆಪಡುವ ಭಕ್ತರು, ಇನ್ನೊಂದರಲ್ಲಿ ವೇಷ ಮರೆಸಿದ ಅನಾಮಿಕ. ಹರಿಹರನ ಬಸವರಾಜದೇವರ ರಗಳೆಯನ್ನು ತಂದರೂ ಸಮಸ್ಯೆ ಬಗೆಹರಿಯುವುದಿಲ್ಲ. ಅಲ್ಲಿ ಬಸವಣ್ಣ ಮತ್ತು ಬಿಜ್ಜಳರ ಭೇಟಿ ನಡೆಯುವುದು ಮಂಗಳವಾಡದಲ್ಲಿ. ದೊರೆತಿರುವ 13 ಸ್ಥಲಗಳಲ್ಲಿ ಕೊಲೆಯ ಪ್ರಸಂಗವೇ ಇಲ್ಲ. ಉಳಿದ ಭಾಗದಲ್ಲಿ ಇದ್ದಿರಬಹುದು ಎಂದು ಊಹಿಸುವುದು ಸುಲಭ. ಸಿಗದ ಓಲೆಯನ್ನು ಸಾಕ್ಷಿಯಾಗಿ ಕರೆಯುವ ಪದ್ಧತಿ ಯಾವ ಶಾಸ್ತ್ರದಲ್ಲಿಯೂ ಇಲ್ಲ. ಕಾಲದ ಅಂತರವನ್ನೂ ಗಮನಿಸಬೇಕು. ಭೀಮಕವಿ ಬರೆದದ್ದು ಘಟನೆಯ ಸುಮಾರು 200 ವರ್ಷಗಳ ಬಳಿಕ. ಧರಣಿಪಂಡಿತ ಬರೆದದ್ದು ನಾಲ್ಕೂವರೆ ಶತಮಾನಕ್ಕೂ ಹೆಚ್ಚಿನ ಅಂತರದಲ್ಲಿ. ಇಂದಿನ ಲೇಖಕನೊಬ್ಬ ಕೆಳದಿಯ ಅರಮನೆಯ ಒಂದು ರಾತ್ರಿಯನ್ನು ಕಣ್ಣಾರೆ ಕಂಡವನಂತೆ ವರ್ಣಿಸಿದರೆ ಯಾರೂ ಅದನ್ನು ಸಾಕ್ಷ್ಯವೆಂದು ಒಪ್ಪುವುದಿಲ್ಲ. ಪುರಾಣದ ಕವಿಗೆ ಮಾತ್ರ ಆ ರಿಯಾಯಿತಿ ಸಿಗುತ್ತಿದೆ, ಅದೂ ಆಯಾ ಸಮುದಾಯದ ಒಳಗೆ ಮಾತ್ರ.

ಶಾಸನಗಳ ಮೌನವನ್ನೂ ಎಚ್ಚರಿಕೆಯಿಂದ ತೂಗಬೇಕು. ತಂದೆ ಕೊಲೆಯಾದನೆಂದು ಮಕ್ಕಳ ಪ್ರಶಸ್ತಿಕಾರರು ಕಲ್ಲಿನ ಮೇಲೆ ಕೆತ್ತಿಸುವುದಿಲ್ಲ. ಹಾಗಾಗಿ ಮೌನದಿಂದ ಕೊಲೆ ನಡೆಯಲಿಲ್ಲ ಎಂದು ಸಿದ್ಧವಾಗುವುದಿಲ್ಲ. ನಡೆಯಿತು ಎಂದು ಸಿದ್ಧವಾಗುವುದು ಅದಕ್ಕಿಂತ ದೂರದ ಮಾತು. ಪಟ್ಟತ್ಯಾಗ, ಸಹಜ ಮರಣ, ಅರಮನೆಯೊಳಗಿನ ಸಂಚು, ಶರಣರ ಕೈ, ಇನ್ನಾರದೋ ಕೈ: ಈ ಎಲ್ಲ ಸಾಧ್ಯತೆಗಳೂ ತೆರೆದೇ ಇವೆ. ಹೀಗಿರುವಾಗ ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ, ಸಂಶೋಧನ ಪ್ರಬಂಧಗಳ ಪೀಠಿಕೆಗಳಲ್ಲಿ, ಸಾಹಿತ್ಯ ಚರಿತ್ರೆಯ ಕೈಪಿಡಿಗಳಲ್ಲಿ ಬಿಜ್ಜಳನ ಕೊಲೆ ಎಂಬ ಮಾತು ಯಾವ ವಿಶೇಷಣವೂ ಇಲ್ಲದೆ ಓಡಾಡುತ್ತಿರುವುದು ವಿದ್ವತ್ತಿನ ಸೋಮಾರಿತನ.

ಸೋಮಾರಿತನಕ್ಕಿಂತ ಕೆಟ್ಟದ್ದು ಪೂರ್ವಗ್ರಹ. ಈ ಮೊಕದ್ದಮೆಯಲ್ಲಿ ಅದು ಒಂದೇ ಒಂದು ವಾಕ್ಯದಲ್ಲಿ ಅಡಗಿದೆ: ಬಿಜ್ಜಳ ಜೈನ ರಾಜ. ಈ ವಾಕ್ಯವನ್ನು ಒಪ್ಪಿಕೊಂಡ ಕೂಡಲೇ ಉಳಿದ ಕಥೆ ತಾನಾಗಿಯೇ ಜೋಡಣೆಯಾಗುತ್ತದೆ. ರಾಜ ಜೈನ, ಮಂತ್ರಿ ಶೈವ, ಆದ್ದರಿಂದ ದ್ವೇಷ, ಆದ್ದರಿಂದ ಹಿಂಸೆ, ಆದ್ದರಿಂದ ಸೇಡು. ಪತ್ತೇದಾರನೊಬ್ಬ ತನಿಖೆಗೆ ಹೊರಡುವ ಮೊದಲೇ ಅಪರಾಧಿಯ ಜಾತಿಯನ್ನು ಬರೆದಿಟ್ಟುಕೊಂಡಂತೆ ಇದು.

ಈ ವಾಕ್ಯವನ್ನು ಪರೀಕ್ಷಿಸಲು ಶಿವಮೊಗ್ಗದವರು ದೂರ ಹೋಗಬೇಕಾಗಿಲ್ಲ. ಶಿಕಾರಿಪುರ, ಶಿರಾಳಕೊಪ್ಪದ ದಾರಿ ಹಿಡಿದರೆ ಬಳ್ಳಿಗಾವೆ ಸಿಗುತ್ತದೆ. ಅಲ್ಲಿಯ ಕೋಡಿಯಮಠ ಕಾಳಾಮುಖ ಶೈವರ ದೊಡ್ಡ ವಿದ್ಯಾಕೇಂದ್ರ. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದ, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧಿ ಸಿಗುತ್ತಿದ್ದ ಸ್ಥಳವೆಂದು 1162ರ ಶಾಸನ ಅದನ್ನು ವಿವರವಾಗಿ ವರ್ಣಿಸುತ್ತದೆ. ದಕ್ಷಿಣದ ದಂಡಯಾತ್ರೆಯ ಸಂದರ್ಭದಲ್ಲಿ ಬಳ್ಳಿಗಾವೆಯಲ್ಲಿ ಬೀಡುಬಿಟ್ಟು ಆ ಮಠದ ಕೇದಾರೇಶ್ವರನಿಗೆ ದತ್ತಿ ಕೊಟ್ಟ ರಾಜ ಬೇರೆ ಯಾರೂ ಅಲ್ಲ, ಬಿಜ್ಜಳನೇ. ಬಿ. ಎಲ್. ರೈಸರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಈ ಶಾಸನ ನೂರು ವರ್ಷಗಳಿಂದ ಓದುಗರಿಗಾಗಿ ಕಾದಿದೆ. ಕಳಚುರಿಗಳ ಬಿರುದಾವಳಿಯಲ್ಲಿ ಸುವರ್ಣವೃಷಭಧ್ವಜವಿದೆ, ಡಮರುಗದ ತೂರ್ಯನಿರ್ಘೋಷವಿದೆ. ಬಾವುಟದಲ್ಲಿ ಬಸವನನ್ನು ಹೊತ್ತು, ಡಮರುವಿನ ಸದ್ದಿನೊಡನೆ ನಡೆದ ಮನೆತನ ಇದು.

ಈ ಸಾಕ್ಷ್ಯದಿಂದ ಏನು ಸಿದ್ಧವಾಗುತ್ತದೆ, ಏನು ಸಿದ್ಧವಾಗುವುದಿಲ್ಲ ಎಂಬುದರಲ್ಲಿಯೂ ಮಿತಿ ಬೇಕು. ಅಂದಿನ ಅರಸರು ಎಲ್ಲ ಮತಗಳಿಗೂ ದತ್ತಿ ಕೊಡುತ್ತಿದ್ದರು. ಒಂದು ದತ್ತಿಯಿಂದ ರಾಜನ ಅಂತರಂಗದ ದೈವ ತಿಳಿಯುವುದಿಲ್ಲ. ಕಾಳಾಮುಖರಿಗೆ ಕೊಟ್ಟವನು ಶರಣರನ್ನು ಹಿಂಸಿಸಿರಲಾರ ಎಂದೂ ಹೇಳಲಾಗದು. ಕಾಳಾಮುಖರೂ ಶರಣರೂ ಒಂದೇ ಅಲ್ಲ. ಆದರೆ ಜೈನ ಪಕ್ಷಪಾತಿಯಾದ ರಾಜ ಶೈವರನ್ನು ತುಳಿದ ಎಂಬ ಚೌಕಟ್ಟು ಮಾತ್ರ ಈ ಕಲ್ಲಿನ ಮುಂದೆ ನಿಲ್ಲುವುದಿಲ್ಲ.

ಬಳ್ಳಿಗಾವೆಯಿಂದ ಜಿಲ್ಲೆಯ ಗಡಿ ದಾಟಿದರೆ ಹಿರೇಕೆರೂರು ಸೀಮೆಯ ಅಬ್ಬಲೂರು. ಅಲ್ಲಿಯ ಸುಮಾರು 1200ರ ಶಾಸನ ಈ ಚರ್ಚೆಗೆ ಇನ್ನೂ ಮುಖ್ಯವಾದದ್ದು, ಏಕೆಂದರೆ ಅಲ್ಲಿ ಒಂದು ಸಣ್ಣ ಊರಿನ ಎರಡು ಸಮುದಾಯಗಳ ಜಗಳ ರಾಜನ ನ್ಯಾಯಸ್ಥಾನದವರೆಗೆ ಹೋಗಿದೆ. ಏಕಾಂತದ ರಾಮಯ್ಯನಿಗೂ ಸಂಕಗಾವುಂಡನ ಮುಂದಾಳತ್ವದ ಜೈನರಿಗೂ ವಾದವಾಗುತ್ತದೆ. ತಲೆಯನ್ನು ಕಡಿದುಕೊಂಡು ಮರಳಿ ಪಡೆದರೆ ಬಸದಿಯ ಜಿನನ ಬದಲು ಶಿವನನ್ನು ಸ್ಥಾಪಿಸುವೆವೆಂದು ಜೈನರು ಓಲೆ ಬರೆದುಕೊಡುತ್ತಾರೆ. ರಾಮಯ್ಯ ಪವಾಡ ತೋರಿಸುತ್ತಾನೆ, ಜೈನರು ಮಾತಿಗೆ ತಪ್ಪುತ್ತಾರೆ, ಅವನು ಜಿನಬಿಂಬವನ್ನು ಒಡೆಯುತ್ತಾನೆ. ಜೈನರು ದೂರು ಒಯ್ಯುವುದು ಬಿಜ್ಜಳನ ಬಳಿಗೆ. ಬಿಜ್ಜಳ ಕೊಡುವ ತೀರ್ಪು ಜೈನರ ವಿರುದ್ಧ: ಜಯಪತ್ರ ರಾಮಯ್ಯನಿಗೆ, ವೀರಸೋಮನಾಥ ದೇವಾಲಯಕ್ಕೆ ಒಂದು ಊರಿನ ದತ್ತಿ.

ಈ ಶಾಸನ ಗೆದ್ದ ಪಕ್ಷದ್ದು. ತಲೆ ಮರಳಿ ಕೂಡಿಕೊಂಡದ್ದನ್ನು ಚರಿತ್ರೆ ಎಂದು ಓದಬೇಕಾಗಿಲ್ಲ. ಜೈನರು ಮಾತಿಗೆ ತಪ್ಪಿದರೆಂಬುದನ್ನು ಅವರ ಪಕ್ಷದ ಹೇಳಿಕೆ ಇಲ್ಲದೆ ಒಪ್ಪಬೇಕಾಗಿಯೂ ಇಲ್ಲ. ಆದರೆ ಈ ಶಾಸನವನ್ನು ಬರೆಸಿದ ಶೈವರಿಗೆ ಬಿಜ್ಜಳ ಶಿವದ್ರೋಹಿ ಎಂಬ ನೆನಪೇ ಇಲ್ಲ. ಬಿಜ್ಜಳ ಸತ್ತು ಮೂರು ದಶಕವಾಗಿರಬಹುದಾದ ಹೊತ್ತಿನಲ್ಲಿ, ಬಸದಿ ಒಡೆದದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಜನರೇ ಅವನನ್ನು ತಮಗೆ ನ್ಯಾಯ ಕೊಟ್ಟ ರಾಜನೆಂದು ಸ್ಮರಿಸುತ್ತಾರೆ. ತನಿಖೆಯಲ್ಲಿ ಇಂಥ ಸಾಕ್ಷ್ಯಕ್ಕೆ ಹೆಚ್ಚು ಬೆಲೆ, ಏಕೆಂದರೆ ಅದನ್ನು ಹೇಳಿದವರಿಗೆ ನಂತರದ ಜಗಳದ ಅರಿವಿರಲಿಲ್ಲ. ಶಾಸನದಲ್ಲಿ ಬಸವಣ್ಣನ ಹೆಸರು ಬರುವುದಿಲ್ಲ ಎಂಬುದನ್ನು ಹಿಡಿದು ಬಸವಣ್ಣನ ಐತಿಹಾಸಿಕತೆಯನ್ನೇ ಶಂಕಿಸುವ ದಾರಿಗೆ ಕೆಲವರು ಹಿಂದೆ ಹೋಗಿದ್ದರು. 1260ರ ಅರ್ಜುನವಾಡದ ಶಾಸನ ಆ ಶಂಕೆಯನ್ನು ಮುಗಿಸಿತು. ಒಂದು ಕಲ್ಲಿನ ಮೌನದಿಂದ ಅತಿಯಾದ ತೀರ್ಮಾನ ತೆಗೆಯಬಾರದೆಂಬ ಪಾಠವೂ ಅದರಲ್ಲಿದೆ.

ಹಾಗಾದರೆ ಬಿಜ್ಜಳ ಜೈನನಾದದ್ದು ಹೇಗೆ? ಎರಡು ಪಕ್ಷಗಳಿಗೂ ಅದು ಬೇಕಾಗಿತ್ತು ಎಂಬುದೇ ಸರಳವಾದ ಉತ್ತರ. ಬಸದಿಗಳು ಕೈತಪ್ಪುತ್ತಿದ್ದ, ಅರಸರ ಆಶ್ರಯ ಕ್ಷೀಣಿಸುತ್ತಿದ್ದ ಶತಮಾನಗಳಲ್ಲಿ ಜೈನರಿಗೆ ತಮ್ಮ ಸೋಲನ್ನು ವಿವರಿಸುವ ಒಂದು ಕಥೆ ಬೇಕಿತ್ತು. ಧರ್ಮಾತ್ಮನಾದ ಒಬ್ಬ ಕೊನೆಯ ಸಾರ್ವಭೌಮ, ಅವನನ್ನು ಮೋಸದಿಂದ ಕೊಂದ ಒಬ್ಬ ಮಂತ್ರಿ: ಇಷ್ಟಿದ್ದರೆ ಇಡೀ ಇಳಿಗಾಲಕ್ಕೆ ಒಂದು ಕಾರಣ ಸಿಕ್ಕಿದಂತಾಗುತ್ತದೆ. ಎದುರು ಪಕ್ಷಕ್ಕೂ ಪರಮತದ ರಾಜ ಅನುಕೂಲ. ಅವನನ್ನು ಕೊಂದದ್ದು ರಾಜದ್ರೋಹವೆನಿಸದೆ ಭಕ್ತಿಯೆನಿಸುತ್ತದೆ. ಹೆಮ್ಮೆಗಾಗಿ ಒಬ್ಬರು, ಗುರಿಗಾಗಿ ಇನ್ನೊಬ್ಬರು ಒಂದೇ ಸುಳ್ಳನ್ನು ಪೋಷಿಸಿದರು. ಬಳಿಕ ಕರ್ನಲ್ ಮೆಕೆಂಜಿಯ ಸಂಗ್ರಹದ ಹಸ್ತಪ್ರತಿಗಳನ್ನು ವಿವರಿಸಿದ ಎಚ್. ಎಚ್. ವಿಲ್ಸನ್ 1828ರಲ್ಲಿ ಜೈನ ಕಥನವನ್ನೂ ವೀರಶೈವ ಕಥನವನ್ನೂ ಇಂಗ್ಲಿಷಿಗೆ ಸಂಗ್ರಹಿಸಿಕೊಟ್ಟರು. ಪುರಾಣದ ಜಗಳ ಇತಿಹಾಸದ ಪುಸ್ತಕಗಳಿಗೆ ಬಂದು, ಅಲ್ಲಿಂದ ಮತ್ತೆ ಕನ್ನಡದ ಪಠ್ಯಪುಸ್ತಕಗಳಿಗೆ ಇತಿಹಾಸದ ವೇಷದಲ್ಲಿ ಮರಳಿತು.

ಇದಕ್ಕೆ ಬರುವ ಆಕ್ಷೇಪ ಎರಡು ಬಗೆಯದು. ಸಮುದಾಯದ ನೆನಪೂ ಒಂದು ಆಕರವೇ, ಕಲ್ಲು ಮತ್ತು ತಾಮ್ರವನ್ನು ಮಾತ್ರ ನಂಬುವುದು ಉಳ್ಳವರ ಚರಿತ್ರೆಯನ್ನು ನಂಬಿದಂತೆ ಎಂಬುದು ಮೊದಲನೆಯದು. ಇದರಲ್ಲಿ ತಿರುಳಿದೆ. ಹರಳಯ್ಯನಂಥವರ ನೋವನ್ನು ಯಾವ ಪ್ರಶಸ್ತಿಕಾರನೂ ಬರೆಯುವುದಿಲ್ಲ. ಅದು ಉಳಿಯುವುದಿದ್ದರೆ ನೆನಪಿನಲ್ಲಿಯೇ ಉಳಿಯಬೇಕು. ಆದರೆ ನೆನಪು ಯಾವ ಕಾಲದ್ದೋ ಆ ಕಾಲಕ್ಕೆ ಮೊದಲ ಸಾಕ್ಷಿ. ಭೀಮಕವಿಯ ಪುರಾಣ ಹದಿನಾಲ್ಕನೆಯ ಶತಮಾನದ ಶೈವ ಸಮಾಜದ ಬಗ್ಗೆ ಬಹಳ ಹೇಳುತ್ತದೆ. ಧರಣಿಪಂಡಿತ ಹದಿನೇಳನೆಯ ಶತಮಾನದ ಜೈನರ ಭಯದ ಬಗ್ಗೆ ಹೇಳುತ್ತಾನೆ. 1167ರ ಒಂದು ದಿನ ಯಾರ ಕೈಯಲ್ಲಿ ಏನಿತ್ತು ಎಂಬುದಕ್ಕೆ ಇಬ್ಬರನ್ನೂ ಸಾಕ್ಷಿಕಟ್ಟೆಗೆ ಕರೆಯಲಾಗದು. ಇನ್ನೂ ಒಂದು ಮಾತು. ನೆನಪು ಆಕರವೆನ್ನುವವರು ಎರಡೂ ಸಮುದಾಯಗಳ ನೆನಪನ್ನು ಒಪ್ಪಬೇಕು. ಶರಣರ ನೆನಪು ಜನಚರಿತ್ರೆ, ಜೈನರ ನೆನಪು ಮತೀಯ ಅಪಪ್ರಚಾರ ಎನ್ನುವ ವಿಮರ್ಶೆಯೂ, ಅದನ್ನು ತಿರುವಿ ಹೇಳುವ ವಿಮರ್ಶೆಯೂ ವಿಮರ್ಶೆಯಲ್ಲ.

ಎರಡನೆಯ ಆಕ್ಷೇಪ ಸಾಹಿತ್ಯದವರದು: ಕವಿಗೆ ಇತಿಹಾಸದ ಹಂಗೇಕೆ? ಹಂಗು ಖಂಡಿತ ಬೇಡ. ಶಿವಮೊಗ್ಗದ ಕೊನಗವಳ್ಳಿಯಲ್ಲಿ ಹುಟ್ಟಿದ ಪಿ. ಲಂಕೇಶರು 1971ರ ಸಂಕ್ರಾಂತಿ ನಾಟಕದಲ್ಲಿ, ಗಿರೀಶ ಕಾರ್ನಾಡರು 1990ರ ತಲೆದಂಡದಲ್ಲಿ ತಮ್ಮ ಕಾಲದ ಪ್ರಶ್ನೆಗಳಿಗಾಗಿ ಬಿಜ್ಜಳನನ್ನು ಕರೆತಂದರು. ಕಾರ್ನಾಡರ ಬಿಜ್ಜಳ ಜೈನನೂ ಅಲ್ಲ, ಪರಂಪರೆಯ ಖಳನೂ ಅಲ್ಲ. ತನ್ನ ಕ್ಷೌರಿಕ ಮೂಲವನ್ನು ಬಲ್ಲ ಅರಸ. ನಾಟಕಕಾರರು ತಮ್ಮದು ನಾಟಕವೆಂದು ಮರೆಮಾಚಲಿಲ್ಲ. ನಾಟಕವನ್ನೂ ಪುರಾಣವನ್ನೂ ಓದಿ, ಮರುದಿನ ಇತಿಹಾಸದ ಉತ್ತರ ಪತ್ರಿಕೆಯಲ್ಲಿ ಅದನ್ನೇ ಬರೆಯುವವರೂ, ಅದಕ್ಕೆ ಪೂರ್ಣ ಅಂಕ ಕೊಡುವವರೂ ತಪ್ಪು ಮಾಡುತ್ತಿದ್ದಾರೆ. ಕವಿಗಿರುವ ಸ್ವಾತಂತ್ರ್ಯವನ್ನು ಸಂಶೋಧಕ ಎರವಲು ತರುವಂತಿಲ್ಲ.

ಇಲ್ಲಿಗೆ ಜೈನ ಓದುಗರಿಗೆ ಹೇಳಬೇಕಾದ ಕಠಿಣ ಮಾತು ಬಂತು. ಎದುರು ಪಕ್ಷದ ಪುರಾಣವನ್ನು ಶಾಸನಗಳಿಂದ ಖಂಡಿಸುವ ಜೈನ ಲೇಖಕರು ತಮ್ಮ ಪಕ್ಷದ ವಿಷದ ಹಣ್ಣನ್ನು ಮಾತ್ರ ಪರೀಕ್ಷೆಗೆ ಒಡ್ಡುವುದಿಲ್ಲ. ಜಗದೇವನ ಕಥೆ ದಂತಕಥೆ, ಬಿಜ್ಜಳರಾಯಚರಿತೆ ಐತಿಹಾಸಿಕ ಕಾವ್ಯ: ಈ ಭೇದಕ್ಕೆ ಆಧಾರವೇನು? ಜೈನ ಕವಿ ಬರೆದಿದ್ದಾನೆ ಎಂಬುದರ ಹೊರತು ಬೇರೆ ಆಧಾರವಿಲ್ಲ. ಅಬ್ಬಲೂರಿನ ಬಸದಿ ಹೋದದ್ದು ನಿಜವಾದ ನಷ್ಟ. ಅದನ್ನು ಒಡೆದವರೇ ಕಲ್ಲಿನಲ್ಲಿ ಬರೆಸಿದ್ದಾರೆ. ಆ ನೋವಿನ ಬಗ್ಗೆ ಮಾತನಾಡುವ ಹಕ್ಕು ಜೈನರಿಗಿದೆ. ಆದರೆ ಅಬ್ಬಲೂರಿನ ನಷ್ಟಕ್ಕೆ ಪ್ರತಿಯಾಗಿ ಬಸವಣ್ಣನ ಮೇಲೆ ಒಂದು ಕೊಲೆಯನ್ನು ಹೊರಿಸುವ ಹಕ್ಕು ಅದರಿಂದ ಹುಟ್ಟುವುದಿಲ್ಲ. ಒಂದು ಊರಿನ ದೂರನ್ನು ಇನ್ನೊಂದು ಊರಿನ ಆರೋಪಿಯ ಮೇಲೆ ದಾಖಲಿಸಿದರೆ ಅದು ಸೇಡೇ ಹೊರತು ನ್ಯಾಯವಾಗುವುದಿಲ್ಲ.

ಜೈನ ಶಾಸ್ತ್ರವೇ ಈ ಬಗ್ಗೆ ಸ್ಪಷ್ಟವಾಗಿದೆ. ಹಿಂಸೆ ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆ: ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು. ಮೂರನೆಯದಕ್ಕೆ ಕೈಯಲ್ಲಿ ಆಯುಧ ಬೇಕಾಗಿಲ್ಲ. 1209ರ ಜನ್ನನ ಯಶೋಧರಚರಿತೆಯನ್ನು ಪಠ್ಯವಾಗಿ ಓದದ ಕನ್ನಡ ವಿದ್ಯಾರ್ಥಿ ಇರಲಾರ. ಯಶೋಧರ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಜೀವ ಹೋಗಲಿಲ್ಲ, ನೆತ್ತರು ಹರಿಯಲಿಲ್ಲ. ಆದರೂ ಸಂಕಲ್ಪದ ಪಾಪ ಅವನನ್ನೂ ಅವನ ತಾಯಿಯನ್ನೂ ಜನ್ಮಜನ್ಮಾಂತರಗಳಲ್ಲಿ ಅಲೆಸುತ್ತದೆ. ಬಸವಣ್ಣ ಬಾವಿಗೆ ಹಾರಿದನೆಂಬ ಕಥೆಯನ್ನು ತೃಪ್ತಿಯಿಂದ ಓದುವ ಜೈನನೂ, ಬಿಜ್ಜಳನ ತಲೆ ಉರುಳಿತೆಂಬ ಕಥೆಯನ್ನು ಹೆಮ್ಮೆಯಿಂದ ಹೇಳುವ ಶೈವನೂ ಮಾಡುತ್ತಿರುವುದು ಹಿಟ್ಟಿನ ಕೋಳಿಯ ಬಲಿಯನ್ನೇ. ಸತ್ತವರು ಎಂಟು ಶತಮಾನಗಳ ಹಿಂದಿನವರಾದರೂ ಸಂಕಲ್ಪ ಇಂದಿನದು. ಅನೇಕಾಂತದ ಹೆಸರು ಹೇಳಿ ಇಬ್ಬರ ಕಥೆಯೂ ಸ್ವಲ್ಪ ನಿಜವೆಂದು ಸಮಾಧಾನ ಮಾಡುವುದಕ್ಕೂ ಇಲ್ಲಿ ಅವಕಾಶವಿಲ್ಲ. ಅನೇಕಾಂತ ವಸ್ತುವಿನ ಹಲವು ಮುಖಗಳನ್ನು ನೋಡುವ ಕ್ರಮ. ಆಧಾರವಿಲ್ಲದ ಎರಡು ಆರೋಪಗಳನ್ನು ಕೂಡಿಸಿ ಅರ್ಧರ್ಧ ಹಂಚುವ ಪಂಚಾಯಿತಿ ಅಲ್ಲ.

ಸೇಡಿನ ಬಗ್ಗೆ ಕನ್ನಡದ ಒಂದು ದೊಡ್ಡ ಕಾವ್ಯ ಬಳ್ಳಿಗಾವೆಯ ನೆಲಕ್ಕೇ ಸೇರಿದ್ದು. ಬಿಜ್ಜಳ ಅಲ್ಲಿ ಬೀಡುಬಿಡುವುದಕ್ಕೆ ಸುಮಾರು ನೂರು ವರ್ಷ ಮೊದಲು, 1068ರ ಹೊತ್ತಿನಲ್ಲಿ, ಲಕ್ಷ್ಮಣರಾಜನ ಆಶ್ರಯದಲ್ಲಿದ್ದ ಶಾಂತಿನಾಥ ಅಲ್ಲಿಯ ಮಲ್ಲಿಕಾಮೋದ ಶಾಂತಿನಾಥ ಬಸದಿಯನ್ನು ಕಲ್ಲಿನಲ್ಲಿ ಕಟ್ಟಿಸಲು ಕಾರಣನಾದವನು, ಸುಕುಮಾರಚರಿತೆಯ ಕವಿ. ಆ ಕಾವ್ಯವನ್ನು ಹೊಸ ಕಾಲದ ಓದುಗರಿಗೆ ಮುದ್ರಿಸಿಕೊಟ್ಟದ್ದು ಶಿವಮೊಗ್ಗದ ಕರ್ನಾಟಕ ಸಂಘ. ವಡ್ಡಾರಾಧನೆಯ ಮೊದಲ ಕಥೆಯೂ ಸುಕುಮಾರನದೇ. ಹಿಂದಿನ ಜನ್ಮದಲ್ಲಿ ವಾಯುಭೂತಿಯಾಗಿದ್ದ ಅವನು ಅತ್ತಿಗೆಯನ್ನು ಒದೆಯುತ್ತಾನೆ. ಒದ್ದ ಆ ಕಾಲನ್ನೇ ಮುಂದೊಂದು ಜನ್ಮದಲ್ಲಿ ತಿನ್ನುವೆನೆಂದು ಅವಳು ನಿದಾನ ಕಟ್ಟಿಕೊಳ್ಳುತ್ತಾಳೆ. ಜನ್ಮಗಳು ಕಳೆದು ಅವಳು ನರಿಯಾಗಿ, ಮರಿಗಳೊಡನೆ ಬಂದು, ಧ್ಯಾನದಲ್ಲಿ ನಿಂತ ಸುಕುಮಾರನ ಕಾಲುಗಳನ್ನು ತಿನ್ನುತ್ತಾಳೆ. ಅವನು ಸಹಿಸುತ್ತಾನೆ. ಸೇಡಿಗೆ ಕಾರಣವಿರಲಿಲ್ಲ ಎಂದು ಕಥೆ ಹೇಳುವುದಿಲ್ಲ, ಒದ್ದದ್ದು ತಪ್ಪೇ. ಆದರೆ ಕಾಲು ತಿಂದ ಬಳಿಕ ಅವಳಿಗೆ ಸಿಕ್ಕಿದ ನ್ಯಾಯವಾದರೂ ಯಾವುದು? ಹೆಣ್ಣಾಗಿ ಅವಮಾನ ಉಂಡವಳು ನರಿಯಾಗಿ ಉಳಿದಳು, ಅಷ್ಟೇ. ತನಗೆ ಅನ್ಯಾಯ ಮಾಡಿದವನು ಯಾವಾಗಲೋ ಬೇರೆ ಮನುಷ್ಯನಾಗಿದ್ದನೆಂಬುದು ಅವಳಿಗೆ ತಿಳಿಯಲೇ ಇಲ್ಲ. ಹನ್ನೆರಡನೆಯ ಶತಮಾನದ ಸೇಡನ್ನು ಇಂದಿನ ನೆರೆಹೊರೆಯವರ ಮೇಲೆ ಸಾಧಿಸಹೊರಡುವ ಯಾವ ಪಕ್ಷಕ್ಕೂ ಈ ಕಥೆ ಸಾಲಬೇಕು.

ಪರಂಪರೆಯಲ್ಲಿ ಸೇಡಿಗೆ ಬದಲಿ ಇರಲಿಲ್ಲವೆಂದೂ ಹೇಳಲಾಗದು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಕಲಹವಾದಾಗ ಬುಕ್ಕರಾಯ ಇಬ್ಬರನ್ನೂ ಕೂಡಿಸಿ ರಾಜಿ ಮಾಡಿಸಿದ್ದನ್ನು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. 1638ರಲ್ಲಿ ಹಳೇಬೀಡಿನ ಬಸದಿಯ ಕಂಬಗಳಿಗೆ ಹುಚ್ಚಪ್ಪದೇವನೆಂಬ ಶೈವ ಲಿಂಗಮುದ್ರೆ ಒತ್ತಿದ. ಜೈನರು ಅದನ್ನು ಅಳಿಸಿದರು. ಜಗಳ ಹಿರಿಯರ ಮುಂದೆ ಬಂತು. ಮೊದಲು ವಿಭೂತಿ, ವೀಳ್ಯ ಸಲ್ಲಿಸಿ ಆಮೇಲೆ ಜೈನರು ತಮ್ಮ ಪೂಜೆ ನಡೆಸಿಕೊಳ್ಳಬಹುದೆಂದು ತೀರ್ಮಾನವಾಯಿತು. ಇದು ಸಮಾನರ ನಡುವಿನ ರಾಜಿಯಲ್ಲ. ಜೈನರ ತಲೆ ಬಗ್ಗಿಸಿದ ರಾಜಿ. ಆದರೂ ಅದರಲ್ಲಿ ದೂರಿದೆ, ಎರಡು ಪಕ್ಷಗಳಿವೆ, ಸೇರಿ ತೀರ್ಮಾನಿಸಿದವರಿದ್ದಾರೆ, ದಾಖಲೆಯಿದೆ. ಆ ದಾಖಲೆಯನ್ನು ಇಂದು ಯಾರು ಬೇಕಾದರೂ ಓದಿ ತಪ್ಪನ್ನು ತಪ್ಪೆಂದು ತೋರಿಸಬಹುದು. ಕಲ್ಯಾಣದ ಕೊಲೆಗೆ ಇಂಥ ಯಾವ ದಾಖಲೆಯೂ ಇಲ್ಲ. ಇದ್ದದ್ದನ್ನು ಓದದೆ ಇಲ್ಲದ್ದನ್ನು ಹಾಡಿದ್ದು ಎರಡೂ ಸಮುದಾಯಗಳ ದುರದೃಷ್ಟ.

ಆಗಬೇಕಾದ ಕೆಲಸ ದೊಡ್ಡದೇನೂ ಅಲ್ಲ. ಬಿಜ್ಜಳನ ಕೊಲೆಗೆ ಕಾರಣಗಳನ್ನು ವಿವರಿಸಿ ಎಂಬ ಪ್ರಶ್ನೆಯನ್ನು ಪ್ರಶ್ನೆಪತ್ರಿಕೆಗಳಿಂದ ತೆಗೆದು, ಬಿಜ್ಜಳನ ಅಂತ್ಯದ ಬಗೆಗಿನ ಆಕರಗಳನ್ನು ಪರಿಶೀಲಿಸಿ ಎಂದು ಕೇಳಬೇಕು. ಜೈನ ರಾಜ ಬಿಜ್ಜಳ ಎಂಬ ಪದಗುಚ್ಛವನ್ನು ಪ್ರಬಂಧಗಳಲ್ಲಿ ಬಳಸುವವರಿಂದ ಮಾರ್ಗದರ್ಶಕರು ಆಧಾರ ಕೇಳಬೇಕು. ಭೀಮಕವಿಯನ್ನೂ ಧರಣಿಪಂಡಿತನನ್ನೂ ಒಂದೇ ಮೇಜಿನ ಮೇಲಿಟ್ಟು, ಎರಡನ್ನೂ ಕಾವ್ಯವಾಗಿಯೂ ತಮ್ಮ ತಮ್ಮ ಕಾಲದ ದಾಖಲೆಯಾಗಿಯೂ ಓದಿಸಬೇಕು. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಒಂದು ವಿಶ್ವವಿದ್ಯಾಲಯವಿದೆ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿ ಶಾಸನಗಳೂ ವೀರಗಲ್ಲುಗಳೂ ಇರುವ ಸರ್ಕಾರಿ ಸಂಗ್ರಹಾಲಯವಿದೆ. ಬಳ್ಳಿಗಾವೆ ಒಂದು ದಿನದ ಪ್ರಯಾಣದಲ್ಲಿದೆ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐವರ ಆಲಯಗಳೂ ಒಂದೇ ಪಟ್ಟಣದಲ್ಲಿ ಇದ್ದವೆಂದು ಹೇಳುವ ಊರು ಅದು. 1065ರಲ್ಲಿ ಅಲ್ಲಿ ಬೌದ್ಧ ವಿಹಾರವೂ ತಾರಾದೇವಿಯ ವಿಗ್ರಹವೂ ಸ್ಥಾಪನೆಯಾದವು. ಮೂರು ವರ್ಷಗಳ ಬಳಿಕ ಜೈನ ಬಸದಿ ಕಲ್ಲಿನದಾಯಿತು. 1162ರಲ್ಲಿ ಬಿಜ್ಜಳ ಶೈವ ಮಠಕ್ಕೆ ದತ್ತಿ ಕೊಟ್ಟ.

ಕೊಂದವರು ಯಾರೆಂದು ತಿಳಿಯದ ಮೊಕದ್ದಮೆಯಲ್ಲಿ ನ್ಯಾಯಾಧೀಶ ಕಡತವನ್ನು ಮುಚ್ಚುವುದಿಲ್ಲ, ಯಾರನ್ನೂ ಶಿಕ್ಷಿಸುವುದೂ ಇಲ್ಲ. ಹೊಸ ಸಾಕ್ಷ್ಯಕ್ಕಾಗಿ ಕಾಯುತ್ತಾನೆ. ನಾಳೆ ಯಾವುದೋ ಹೊಲದಲ್ಲಿ ಸಿಗುವ ಒಂದು ಕಲ್ಲು ಜಗದೇವನ ಹೆಸರನ್ನೇ ಹೇಳಬಹುದು, ಅಥವಾ ಬಿಜ್ಜಳ ವೃದ್ಧಾಪ್ಯದಲ್ಲಿ ಮಗನ ಆಶ್ರಯದಲ್ಲಿ ತೀರಿಕೊಂಡನೆಂದು ಹೇಳಬಹುದು. ಎರಡಕ್ಕೂ ಸಿದ್ಧವಾಗಿರುವವನೇ ಸಂಶೋಧಕ. ಅಲ್ಲಿಯವರೆಗೆ ಜೈನರು ವಿಷದ ಹಣ್ಣನ್ನು ಕೆಳಗಿಡಬೇಕು. ಶರಣ ಪರಂಪರೆಯವರು ಜಗದೇವನ ಆಯುಧವನ್ನು ಕೆಳಗಿಡುವರೋ ಇಲ್ಲವೋ ಎಂದು ನೋಡಿಕೊಂಡು ಆಮೇಲೆ ಇಡುವುದಲ್ಲ. ಅಹಿಂಸೆಯನ್ನು ಪರಮಧರ್ಮವೆನ್ನುವವರು ಮೊದಲು ಇಡಬೇಕು.